ಅನುಕರಣೆಯನ್ನು ಮೀರಿದ ಗಂಧರ್ವ: ಪಂಡಿತ ಕುಮಾರ ಗಂಧರ್ವರ ಒಂದು ಸ್ಮರಣೆ

ರಾಜ್ಯೋತ್ಸವ, ಶಾರದಾ ಪೂಜೆ, ವಾರ್ಷಿಕೋತ್ಸವ ಎಂದು ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳ ನಮ್ಮ ಕನ್ನಡ ಸಂಘಗಳ ವೇದಿಕೆಗಳಲ್ಲಿ ವರ್ಷವಿಡೀ ಹಾಡುಗಾರಿಕೆಗೆ ಬರವಿಲ್ಲ. ಅಲ್ಲಿ ಹಾಡುವ ಮಕ್ಕಳಲ್ಲಿ ಬಹುಪಾಲು ಮಂದಿ ಆರಿಸಿಕೊಳ್ಳುವುದು ಬೇರೊಬ್ಬರು ಹಾಡಿ ಪ್ರಸಿದ್ಧಗೊಳಿಸಿದ ಗೀತೆಗಳನ್ನೇ. ಮೂಲ ಗಾಯಕರ ಒಂದೊಂದು ಏರಿಳಿತವನ್ನೂ ತಪ್ಪದೆ ಒಪ್ಪಿಸಿದ ಮಗುವಿಗೆ ಚಪ್ಪಾಳೆಯ ಸುರಿಮಳೆಯಾಗುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಹೆತ್ತವರ ಮುಖದಲ್ಲಿ ಧನ್ಯತಾಭಾವ ಮೂಡುತ್ತದೆ. ನಾವೂ ಹಿಂದೊಮ್ಮೆ ಆ ಮುಂದಿನ ಸಾಲಿನಲ್ಲಿ ಕುಳಿತವರೇ. ಆ ದಿನಗಳಿಂದಲೂ ನಮ್ಮನ್ನು ಕಾಡುತ್ತ ಬಂದಿರುವ ಪ್ರಶ್ನೆಯೊಂದಿದೆ. ಒಬ್ಬರು ಹಾಡಿದ ಹಾಡನ್ನು ಮತ್ತೊಬ್ಬರು ಹಾಡಿದಾಗ ಅದು ಮೂಲವನ್ನು ಮೀರುವುದು ಸಾಧ್ಯವೇ? ಸಾಧ್ಯವಾದರೆ ಅದು ಯಾವುದರಿಂದ ಸಾಧ್ಯ?

ಇಂದಿನ ಮಕ್ಕಳು ಇಂತಹ ಮರುಗಾಯನಕ್ಕೆ ಕವರ್ ಹಾಡು ಎನ್ನುತ್ತಾರೆ. ನಮ್ಮ ತಾರುಣ್ಯದ ಕ್ಯಾಸೆಟ್ ಯುಗದಲ್ಲಿ ಅದಕ್ಕೆ ವರ್ಷನ್ ಎಂಬ ಹೆಸರಿತ್ತು. ಕಡಿಮೆ ಬೆಲೆಗೆ ದೊರೆಯುವ, ಅಸಲಿಗಿಂತ ಕೆಳದರ್ಜೆಯ ವಸ್ತು ಎಂಬ ತಾತ್ಸಾರವೂ ಆ ಪದದಲ್ಲಿ ಸೇರಿತ್ತು. ಆದರೆ ಎಲ್ಲ ಮರುಗಾಯನವೂ ಹಾಗಲ್ಲ. ಅಮೆರಿಕದ ಬಾಬ್ ಡಿಲನ್ 1967ರಲ್ಲಿ ಹೊರತಂದ ಗೀತೆಯೊಂದನ್ನು ಜಿಮಿ ಹೆಂಡ್ರಿಕ್ಸ್ ಮರುವರ್ಷ ತಮ್ಮದೇ ರೀತಿಯಲ್ಲಿ ಹಾಡಿದಾಗ, ಮುಂದೆ ಡಿಲನ್ ಅವರೇ ತಮ್ಮ ಹಾಡನ್ನು ಹೆಂಡ್ರಿಕ್ಸರ ರೀತಿಗೆ ಸಮೀಪವಾಗಿ ಹಾಡತೊಡಗಿದರು. ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಮಣ್ಣಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಿದ್ಯೆ ಕಲಿತು, ಮಾಳವದಲ್ಲಿ ನೆಲೆ ನಿಂತ ಕನ್ನಡಿಗರೊಬ್ಬರ ಇಡೀ ಬದುಕೇ ಈ ಪ್ರಶ್ನೆಗೆ ಉತ್ತರದಂತಿದೆ. ಅವರೇ ಪಂಡಿತ ಕುಮಾರ ಗಂಧರ್ವರು.

ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬುದು ಅವರ ಹುಟ್ಟುಹೆಸರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು, ಕನ್ನಡ ಮನೆಮಾತಿನ ಲಿಂಗಾಯತ ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಸಂಗೀತಪ್ರಿಯರು. ಆಗ ಉತ್ತರ ಕರ್ನಾಟಕದ ಊರುಗಳಲ್ಲಿ ನಾಟಕ ಕಂಪನಿಗಳು ಬೀಡುಬಿಡುತ್ತಿದ್ದವು. ಉಳ್ಳವರ ಮನೆಗಳಲ್ಲಿ ಗ್ರಾಮೋಫೋನ್ ತಟ್ಟೆಗಳು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿದ್ದ ಆ ತಟ್ಟೆಗಳೇ ಬಾಲಕ ಶಿವಪುತ್ರನ ಮೊದಲ ಪಾಠಶಾಲೆಯಾದವು. ಅಬ್ದುಲ್ ಕರೀಂ ಖಾನರು, ರಾಮಕೃಷ್ಣಬುವಾ ವಝೆಯವರು ಮುಂತಾದ ದಿಗ್ಗಜರ ತಟ್ಟೆಗಳನ್ನು ಕೇಳಿ, ಸ್ವರ, ತಾನು, ನಿಲುಗಡೆ ಯಾವುದೂ ತಪ್ಪದಂತೆ ಅವನು ಮರಳಿ ಹಾಡುತ್ತಿದ್ದ. ಈ ಅಚ್ಚರಿಯನ್ನು ಕಂಡ ಮಠಾಧೀಶರೊಬ್ಬರು ಏಳರ ಹರೆಯದ ಬಾಲಕನಿಗೆ ಕುಮಾರ ಗಂಧರ್ವ ಎಂಬ ಬಿರುದನ್ನಿತ್ತರು. ಬಿರುದೇ ಹೆಸರಾಗಿ ಉಳಿಯಿತು.

ಗಂಧರ್ವ ಎಂಬ ಈ ಪದದ ಹಿಂದೆಯೂ ಒಂದು ಪರಂಪರೆಯಿದೆ. ಮರಾಠಿ ರಂಗಭೂಮಿಯ ನಾರಾಯಣ ಶ್ರೀಪಾದ ರಾಜಹಂಸರು ಬಾಲಗಂಧರ್ವರೆನಿಸಿಕೊಂಡರು. ಆ ಬಿರುದನ್ನು ಕೊಟ್ಟವರು ಲೋಕಮಾನ್ಯ ತಿಲಕರೆಂಬುದು ಪ್ರಸಿದ್ಧ. ಕುಂದಗೋಳದ ರಾಮಭಾವು ಅವರು ಸವಾಯಿ ಗಂಧರ್ವರಾದರು. ಸವಾಯಿ ಎಂದರೆ ಒಂದೂಕಾಲು. ಬ್ಯಾಂಕಿನಲ್ಲಿ ಅಂಕಿಗಳೊಡನೆ ಆಯುಷ್ಯ ಕಳೆದ ನಮಗೆ ಈ ಲೆಕ್ಕ ಕುತೂಹಲಕರವಾಗಿ ತೋರುತ್ತದೆ. ಮೊದಲಿನವರು ಒಂದಾದರೆ ಇವರು ಅದಕ್ಕಿಂತ ಕಾಲು ಪಾಲು ಹೆಚ್ಚು ಎಂಬ ಅಭಿಮಾನ ಅದರಲ್ಲಿದೆ. ಹೀಗೆ ಮೂಲದೊಡನೆ ತೂಗಿ ನೋಡುವ ತಕ್ಕಡಿಯಲ್ಲಿ ಕುಮಾರರು ಬಾಲ್ಯದಲ್ಲಿಯೇ ಕುಳಿತಿದ್ದರು.

ತಂದೆಯೊಡನೆ ಊರೂರು ಸುತ್ತಿ ಕಛೇರಿ ನಡೆಸಿದ ಬಾಲಕ 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗ ವಯಸ್ಸು ಹನ್ನೊಂದು. ಮರುವರ್ಷ ಮುಂಬಯಿಯ ಜಿನ್ನಾ ಹಾಲಿನಲ್ಲಿ ನಡೆದ ಸಮ್ಮೇಳನದಲ್ಲಿಯೂ ಅವನ ಗಾಯನಕ್ಕೆ ಸಭೆ ಬೆರಗಾಯಿತು. ಆ ಸಮ್ಮೇಳನದ ರೂವಾರಿ ಪ್ರೊ. ಬಿ. ಆರ್. ದೇವಧರರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಒಪೆರಾ ಹೌಸ್ ಪರಿಸರದಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದರು. ಕೇಳಿದ್ದನ್ನೆಲ್ಲ ಹಾಡಬಲ್ಲ ಈ ಹುಡುಗನಿಗೆ ವಿಧಿವತ್ತಾದ ಶಿಕ್ಷಣ ಇನ್ನೂ ದೊರೆತಿರಲಿಲ್ಲ. ರಾಗವೆಂದರೇನು, ಈ ಸ್ವರ ಇಲ್ಲಿಯೇ ಏಕೆ ಬರಬೇಕು ಎಂಬುದನ್ನು ತಟ್ಟೆ ಹೇಳಿಕೊಡುವುದಿಲ್ಲ. 1936ರಿಂದ 1947ರವರೆಗೆ ಮುಂಬಯಿಯಲ್ಲಿದ್ದುಕೊಂಡು ಅವರು ಅದನ್ನು ಕಲಿತರು, ಅದೇ ಶಾಲೆಯಲ್ಲಿ ಕಲಿಸಿದರು. ಅಂಜನಿಬಾಯಿ ಮಾಲ್ಪೇಕರರ ಮಾರ್ಗದರ್ಶನವೂ ಅವರಿಗೆ ಲಭಿಸಿತು. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ನಾನಾ ಕಡೆಯ ಬಂದಿಶ್‌ಗಳನ್ನು ಸಂಗ್ರಹಿಸಿದ ಉದಾರಿಗಳು. ಮುಂದೆ ಶಿಷ್ಯರು ಘರಾಣೆಯ ಬೇಲಿಯನ್ನು ದಾಟಿದ್ದರ ಬೀಜ ಇಲ್ಲಿಯೇ ಇದ್ದಿರಬೇಕು. ನಮ್ಮ ಸೇವಾವಧಿಯಲ್ಲಿ ಕೆಲ ವರ್ಷ ಗಿರ್‌ಗಾಂವ್ ಕಡೆಯ ಶಾಖೆಯಲ್ಲಿದ್ದೆವು. ಡೊಂಬಿವಲಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಚರ್ನಿ ರೋಡಿನಲ್ಲಿ ಇಳಿದು ನಡೆಯುವಾಗಲೆಲ್ಲ, ಸುಳೇಭಾವಿಯ ಹುಡುಗ ಇದೇ ಬೀದಿಗಳಲ್ಲಿ ತಂಬೂರಿಯ ನಾದ ಅರಸಿ ನಡೆದಿದ್ದನಲ್ಲ ಎಂದು ನೆನೆದು ಪುಳಕಗೊಂಡದ್ದುಂಟು.

ಇಪ್ಪತ್ತರ ಆಸುಪಾಸಿನಲ್ಲಿಯೇ ಅವರು ಕೀರ್ತಿವಂತ ಗಾಯಕರಾಗಿದ್ದರು. 1947ರಲ್ಲಿ ಸಹಪಾಠಿ ಭಾನುಮತಿಯವರೊಡನೆ ವಿವಾಹವಾಯಿತು. ಅದೇ ಹೊತ್ತಿಗೆ ಕ್ಷಯರೋಗ ಎರಗಿತು. ಮುಂಬಯಿಯ ತೇವದ ಹವೆ ಸಲ್ಲದೆಂದು ವೈದ್ಯರು ಹೇಳಿದ್ದರಿಂದ 1948ರ ಆರಂಭದಲ್ಲಿ ದಂಪತಿಗಳು ಮಾಳವದ ದೇವಾಸಿಗೆ ತೆರಳಿದರು. ಹಾಡುವುದು ನಿಷಿದ್ಧವಾಯಿತು. ಸಂಸಾರದ ನೊಗವನ್ನು ಶಾಲಾ ಶಿಕ್ಷಕಿಯಾಗಿ ಭಾನುಮತಿಯವರು ಹೊತ್ತರು. ಕಂಠವೇ ಸರ್ವಸ್ವವಾಗಿದ್ದ ಇಪ್ಪತ್ನಾಲ್ಕರ ಯುವಕ ವರ್ಷಗಟ್ಟಲೆ ಹಾಸಿಗೆಯಲ್ಲಿ ಮೌನವಾಗಿ ಮಲಗಿರಬೇಕಾಯಿತು. ಸ್ಟ್ರೆಪ್ಟೊಮೈಸಿನ್ ಔಷಧ ದೊರೆತು ಜೀವವುಳಿದರೂ ಒಂದು ಶ್ವಾಸಕೋಶ ಬಹುತೇಕ ನಿರುಪಯುಕ್ತವಾಯಿತು. 1953ರ ವೇಳೆಗೆ ಅವರು ಮತ್ತೆ ವೇದಿಕೆ ಏರಿದಾಗ ಕೇಳುಗರಿಗೆ ಎದುರಾದುದು ಬೇರೆಯೇ ಗಾಯನ.

ಹಾಡಲಾಗದ ಆ ವರ್ಷಗಳಲ್ಲಿ ಅವರು ಮಾಡಿದ್ದು ಕೇಳುವ ಕೆಲಸ. ಬಾಲ್ಯದಲ್ಲಿ ಕೇಳಿದೊಡನೆ ಮರಳಿ ಹಾಡುತ್ತಿದ್ದವರಿಗೆ ಈಗ ಕೇಳಿ ಸುಮ್ಮನಿರುವ ಶಿಕ್ಷೆ. ಕಿಟಕಿಯಾಚೆ ಮಾಳವದ ಹೆಂಗಳೆಯರು ಹಬ್ಬಹರಿದಿನಗಳಲ್ಲಿ ಹಾಡುತ್ತ ಸಾಗುತ್ತಿದ್ದರು. ನಾಥಪಂಥದ ಜೋಗಿಗಳು ಕಬೀರ, ಗೋರಖನಾಥರ ನಿರ್ಗುಣ ಪದಗಳನ್ನು ಹಾಡಿ ಭಿಕ್ಷೆ ಬೇಡುತ್ತಿದ್ದರು. ಒಳಗೆ ಮಲಗಿದ ರೋಗಿ ಆ ಧಾಟಿಗಳನ್ನು ಮನಸ್ಸಿನಲ್ಲಿ ತಿರುವಿ ಹಾಕುತ್ತ, ರಾಗಗಳ ಬೇರು ಇಂತಹ ಜಾನಪದ ಧಾಟಿಗಳಲ್ಲಿದೆ ಎಂಬ ನಿಲುವಿಗೆ ಬಂದರು. ಧುನ್‌ಉಗಮ ರಾಗಗಳೆಂದು ಅವರು ಕರೆದ ಮಾಲವತಿ, ಸಂಜಾರಿ, ಲಗನ ಗಂಧಾರ, ಸಹೇಲಿ ತೋಡಿ ಮೊದಲಾದವು ಹೀಗೆ ಮೈದಳೆದವು. ತಮ್ಮ ರಾಗ ಮತ್ತು ಬಂದಿಶ್‌ಗಳನ್ನು ಅವರು 1965ರಲ್ಲಿ ಅನೂಪರಾಗವಿಲಾಸ ಗ್ರಂಥದಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಸ್ವಂತದ್ದನ್ನು ಕಟ್ಟಿದ ಬಳಿಕ, 1960ರ ದಶಕದಲ್ಲಿ, ಅವರು ಮತ್ತೆ ಬೇರೊಬ್ಬರ ಹಾಡುಗಳಿಗೆ ಮರಳಿದರು. ಆ ಬೇರೊಬ್ಬರು ಬಾಲಗಂಧರ್ವರು. ಮಲಾ ಉಮಜಲೇಲೇ ಬಾಲಗಂಧರ್ವ, ಎಂದರೆ ನನಗೆ ಅರ್ಥವಾದ ಬಾಲಗಂಧರ್ವ, ಎಂಬುದು ಆ ಕಾರ್ಯಕ್ರಮದ ಹೆಸರು. ಅದು ಧ್ವನಿಮುದ್ರಣವಾಗಿಯೂ ಮನೆಮನೆಗೆ ತಲುಪಿತು. ಮಹಾರಾಷ್ಟ್ರದಲ್ಲಿ ಬಾಲಗಂಧರ್ವರ ಪದಗಳನ್ನು ಮುಟ್ಟುವುದೆಂದರೆ ಗರ್ಭಗುಡಿಯನ್ನು ಪ್ರವೇಶಿಸಿದಂತೆ. ಅಭಿಮಾನಿಗಳು ಅವರ ಸ್ವರದ ಒಂದು ಕೊಂಕನ್ನೂ ಬದಲಿಸಗೊಡುವವರಲ್ಲ. ಏಳರ ಹರೆಯದ ಶಿವಪುತ್ರನಾಗಿದ್ದರೆ ಆ ಕೊಂಕನ್ನು ಹಾಗೆಯೇ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ನಲವತ್ತರ ಕುಮಾರ ಗಂಧರ್ವರು ಹಾಗೆ ಮಾಡಲಿಲ್ಲ.

ಬಾಲಗಂಧರ್ವರು ರುಕ್ಮಿಣಿಯಾಗಿ, ಸಿಂಧುವಾಗಿ ಸೀರೆಯುಟ್ಟು, ನಾಟಕದ ಸನ್ನಿವೇಶದೊಳಗೆ ನಿಂತು ಹಾಡಿದವರು. ಆ ಮಾಧುರ್ಯದಲ್ಲಿ ಪಾತ್ರದ ನಾಚಿಕೆ, ನೋವು ಎಲ್ಲವೂ ಬೆರೆತಿದ್ದವು. ಕುಮಾರರ ಮುಂದೆ ನಾಟಕವಿಲ್ಲ, ವೇಷವಿಲ್ಲ. ಎರಡು ತಂಬೂರಿಗಳ ನಡುವೆ ಹಾಡು ಮಾತ್ರ ಇದೆ. ಅವರು ಪದದ ಅಡಿಯಲ್ಲಿ ಅಡಗಿದ್ದ ರಾಗವನ್ನು ಮೇಲಕ್ಕೆತ್ತಿ ತೋರಿಸಿದರು. ಕುಗ್ಗಿದ ಉಸಿರಿನ ಪುಟ್ಟ ಪುಟ್ಟ ಸ್ವರಸಮೂಹಗಳು, ಅವುಗಳ ನಡುವಣ ಮೌನ, ಥಟ್ಟನೆ ಮೇಲೇರುವ ತಾರಸ್ವರ ಇವುಗಳಿಂದ ಪರಿಚಿತ ಪದಕ್ಕೆ ಹೊಸ ಅರ್ಥ ಕೂಡಿಕೊಂಡಿತು.

ಇದು ಮೂಲವನ್ನು ಮೀರಿತೇ? ನಮ್ಮ ಕಟ್ಟಡದಲ್ಲಿದ್ದ ಮರಾಠಿ ಹಿರಿಯರೊಬ್ಬರು, ನಾವು ಕಾಕಾ ಎಂದೇ ಕರೆಯುತ್ತಿದ್ದವರು, ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಒಂದು ಭಾನುವಾರ ಅವರ ಮನೆಯಲ್ಲಿ ಎರಡು ಕ್ಯಾಸೆಟ್‌ಗಳನ್ನೂ ಒಂದರ ಹಿಂದೊಂದು ಕೇಳಿದೆವು. ಲಯದೊಡನೆ ಲಾಲಿತ್ಯವಾಗಿ ಆಡುವ ಬಾಲಗಂಧರ್ವರ ಆ ಸೊಬಗು ಕುಮಾರರಲ್ಲಿಲ್ಲ ಎಂಬ ಅವರ ಮಾತು ನಿಜವೆಂದೇ ನಮಗೂ ತೋರಿತು. ಆದರೂ ಕೆಲವು ಪದಗಳಲ್ಲಿ ಕುಮಾರರ ಗಾಯನವೇ ಮೂಲಕ್ಕಿಂತ ಆಳಕ್ಕೆ ಇಳಿದಿದೆ ಎಂದು ನಮಗೆ ಅನ್ನಿಸಿತು. ಕುಮಾರರನ್ನು ಕೇಳಿದ ಮೇಲೆ ಬಾಲಗಂಧರ್ವರ ಹಳೆಯ ತಟ್ಟೆಯನ್ನು ಮತ್ತೆ ಕೇಳಿದಾಗ, ಹಿಂದೆ ನಮ್ಮ ಕಿವಿಗೆ ಬೀಳದಿದ್ದ ಸ್ವರಗಳು ಅಲ್ಲಿಯೂ ಕೇಳಿಸಿದ್ದು ಮತ್ತೊಂದು ಸೋಜಿಗ. ಮೂಲವನ್ನು ಮೀರುವ ಗಾಯನ ಮೂಲವನ್ನು ಅಳಿಸುವುದಿಲ್ಲ, ಬೆಳಗಿಸುತ್ತದೆ ಎಂದು ಅಂದು ನಮಗೆ ಮನವರಿಕೆಯಾಯಿತು.

ನಿರ್ಗುಣ ಪದಗಳ ಸಂಗತಿ ಇನ್ನೂ ಸೂಕ್ಷ್ಮವಾದುದು. ಕುಮಾರರ ಕಬೀರ ಗಾಯನ ಇಂದು ದೇಶವಿದೇಶಗಳಲ್ಲಿ ಮನೆಮಾತು. ಆದರೆ ಅವರ ಕಿಟಕಿಯಾಚೆ ಹಾಡಿದ ಜೋಗಿಗಳ ಹೆಸರು ಯಾವ ತಟ್ಟೆಯ ಮೇಲೂ ಅಚ್ಚಾಗಲಿಲ್ಲ. ಹೋಲಿಸಿ ನೋಡಲು ಆ ಮೂಲದ ಧ್ವನಿಮುದ್ರಣ ನಮ್ಮ ಬಳಿ ಇಲ್ಲ. ಆದುದರಿಂದ ಇಲ್ಲಿ ಮೀರಿದರು ಎಂದು ತೀರ್ಪು ಕೊಡುವುದಕ್ಕಿಂತ, ಆ ಅನಾಮಿಕರ ಋಣವನ್ನು ನೆನೆಯುವುದೇ ಲೇಸು.

ಅವರ ವೈಯಕ್ತಿಕ ಬದುಕಿನಲ್ಲಿ ಕಷ್ಟ ಮುಗಿದಿರಲಿಲ್ಲ. ರೋಗಕಾಲದಲ್ಲಿ ಅವರನ್ನು ಕಾಪಾಡಿದ ಭಾನುಮತಿಯವರು 1961ರಲ್ಲಿ ಹೆರಿಗೆಯ ಸಂದರ್ಭದಲ್ಲಿ ತೀರಿಕೊಂಡರು. ಮುಂದೆ ದೇವಧರರ ಶಾಲೆಯಲ್ಲಿಯೇ ಕಲಿತಿದ್ದ ವಸುಂಧರಾ ಶ್ರೀಖಂಡೆಯವರು ಬಾಳಸಂಗಾತಿಯಾಗಿ, ವೇದಿಕೆಯಲ್ಲಿಯೂ ಜೊತೆಗೂಡಿದರು. ಪುತ್ರ ಮುಕುಲ ಶಿವಪುತ್ರ, ಪುತ್ರಿ ಕಲಾಪಿನಿ ಕೋಮಕಲಿ, ಮೊಮ್ಮಗ ಭುವನೇಶ ಕೋಮಕಲಿ ಇವರೆಲ್ಲ ಗಾಯಕರಾದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1992ರ ಜನವರಿ 12ರಂದು ದೇವಾಸಿನಲ್ಲಿ ಅವರು ಇಹಲೋಕ ತ್ಯಜಿಸಿದರು. ಅವರ ತರುವಾಯ ಅವರನ್ನು ಅನುಕರಿಸುವವರೂ ಹುಟ್ಟಿಕೊಂಡರು. ಎರಡೂ ಶ್ವಾಸಕೋಶ ಗಟ್ಟಿಯಾಗಿರುವವರು ಒಂದೇ ಶ್ವಾಸಕೋಶದವರ ತುಂಡು ಉಸಿರನ್ನು ನಟಿಸುವುದನ್ನು ಕೇಳಿದಾಗ ನಗು, ವಿಷಾದ ಎರಡೂ ಒಟ್ಟಿಗೆ ಬರುತ್ತವೆ.

ಕೊನೆಯಲ್ಲಿ ನಮ್ಮದೊಂದು ತಪ್ಪೊಪ್ಪಿಗೆ. ನಮ್ಮ ಮಗಳು ಚಿಕ್ಕಂದಿನಲ್ಲಿ ಸೊಗಸಾಗಿ ಹಾಡುತ್ತಿದ್ದಳು. ಸಂಘದ ಸ್ಪರ್ಧೆಗೆಂದು ಕ್ಯಾಸೆಟ್ ಹಾಕಿ, ಅದರಲ್ಲಿದ್ದಂತೆಯೇ ಹಾಡಬೇಕೆಂದು ಅಭ್ಯಾಸ ಮಾಡಿಸಿದೆವು. ಒಂದು ಸಂಜೆ ಅವಳು ತನ್ನಷ್ಟಕ್ಕೆ ಒಂದು ತಿರುವನ್ನು ಬದಲಿಸಿ ಹಾಡಿ ನಕ್ಕಳು. ಹಾಗಲ್ಲ, ತಪ್ಪಾಯಿತು ಎಂದು ನಾವು ಗದರಿಸಿದೆವು. ಬಹುಮಾನವೇನೋ ಬಂತು. ಆದರೆ ಎರಡು ವರ್ಷಗಳಲ್ಲಿ ಅವಳು ಹಾಡುವುದನ್ನೇ ಬಿಟ್ಟಳು. ಆ ತಿರುವು ಚೆನ್ನಾಗಿತ್ತೋ ಇಲ್ಲವೋ, ಕೇಳುವ ತಾಳ್ಮೆ ಅಂದು ನಮಗಿರಲಿಲ್ಲ.

ಅನುಕರಣೆ ತಪ್ಪಲ್ಲ. ಕುಮಾರ ಗಂಧರ್ವರೂ ಅಲ್ಲಿಂದಲೇ ಹೊರಟವರು. ಅಲ್ಲಿಯೇ ನಿಲ್ಲದಂತೆ ಅವರನ್ನು ಕಾಪಾಡಿದ್ದು ಒಬ್ಬ ಉದಾರ ಗುರು ಮತ್ತು ದೀರ್ಘ ಮೌನ. ನಮ್ಮ ಸಂಘಗಳ ವೇದಿಕೆಯಲ್ಲಿ ಮುಂದೆ ಯಾವುದಾದರೂ ಮಗು ಪರಿಚಿತ ಹಾಡೊಂದರ ಪರಿಚಿತ ತಿರುವನ್ನು ಬಿಟ್ಟು ಬೇರೆ ದಾರಿ ಹಿಡಿದರೆ, ಅದು ಮರೆವೆಂದು ತಕ್ಷಣ ಭಾವಿಸದೆ ಆ ಸಾಲು ಮುಗಿಯುವವರೆಗೆ ಕಾಯೋಣ. ಸುಳೇಭಾವಿಯ ಆ ಮಹಾನ್ ಚೇತನಕ್ಕೆ ಹೊರನಾಡ ಕನ್ನಡಿಗರಾದ ನಾವು ಸಲ್ಲಿಸಬಹುದಾದ ನಮನ ಅದೇ.