ಸಕಲ ಪರಿಶುದ್ಧರ ಹಬ್ಬದ ಹಿಂದಿನ ದಿನ

ಪೆರೇಸಂದ್ರದಿಂದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಯೌವನಸ್ಥರು ಅಕ್ಟೋಬರ್ 31 ಸಮೀಪಿಸಲು, ಅಲ್ಲಿನ ಅಂಗಡಿಗಳಲ್ಲಿ ಪ್ರೇತಗಳ ಮುಖವಾಡಗಳನ್ನೂ ಕೊರೆದ ಕುಂಬಳಕಾಯಿಯ ದೀಪಗಳನ್ನೂ ಕಾಣುತ್ತಾರೆ. ಹ್ಯಾಲೋವೀನ್ ಎಂಬ ಆ ಹೆಸರಿಗೆ ಪರಿಶುದ್ಧರ ಹಬ್ಬದ ಹಿಂದಿನ ಸಂಜೆ ಎಂದೇ ಅರ್ಥ. ನಿದ್ರೆಹೋದ ಭಕ್ತರನ್ನು ಸ್ಮರಿಸುವ ಈ ಹಬ್ಬವನ್ನು ಪಶ್ಚಿಮ ದೇಶಗಳ ಸಭೆಯು 9ನೆಯ ಶತಮಾನದಿಂದ ನವೆಂಬರ್ 1ರಲ್ಲಿ ಆಚರಿಸುತ್ತ ಬಂದಿದೆ. ಆ ಸಂಜೆಯೊಡನೆ ಹೆಸರು ಸೇರಿಹೋಗಿರುವ ಮಾರ್ಟಿನ್ ಲೂಥರನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಲೂಥರನು 1483ನೆಯ ನವೆಂಬರ್ 10ರಲ್ಲಿ ಜರ್ಮನಿ ದೇಶದ ಐಸ್‌ಲೆಬನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆಯು ತಾಮ್ರದ ಗಣಿಯಲ್ಲಿ ದುಡಿದವನು. ಮಗನು ನ್ಯಾಯಶಾಸ್ತ್ರ ಕಲಿಯಬೇಕೆಂಬುದು ಅವನ ಆಶೆ. ಆದರೆ 1505ರಲ್ಲಿ ದಾರಿಯಲ್ಲಿ ಸಿಡಿಲು ಬಡಿಯಲು, ಲೂಥರನು ಮರಣಭಯದಿಂದ ಸನ್ಯಾಸಿಯಾಗುವ ಹರಕೆ ಹೊತ್ತನು. ಮಠದಲ್ಲಿ ಉಪವಾಸ ಜಾಗರಣೆಗಳನ್ನು ಮಾಡಿದರೂ ಆ ಭಯವು ಬಿಡಲಿಲ್ಲ. ವಿಟೆನ್‌ಬರ್ಗ್ ಪಟ್ಟಣದಲ್ಲಿ ವೇದೋಪಾಧ್ಯಾಯನಾಗಿ ದೇವರ ವಾಕ್ಯವನ್ನು ಬೋಧಿಸುತ್ತಿರುವಾಗ, ರಕ್ಷಣೆಯು ಕೃಪೆಯ ದಾನವೆಂದು ತಿಳಿದು ಸಮಾಧಾನ ಹೊಂದಿದನು.

ಆ ಕಾಲದಲ್ಲಿ ಬಡವರು ಸಹ, ಸತ್ತ ತಂದೆತಾಯಿಗಳು ಶುದ್ಧೀಕರಣದ ಬೆಂಕಿಯಿಂದ ಬಿಡುಗಡೆ ಹೊಂದುವರೆಂದು ನಂಬಿ, ಹಣ ತೆತ್ತು ಕ್ಷಮಾಪತ್ರಗಳನ್ನು ಪಡೆಯುತ್ತಿದ್ದರು. ವಿಟೆನ್‌ಬರ್ಗಿನ ಅರಮನೆಯ ದೇವಾಲಯಕ್ಕೆ ಸಕಲ ಪರಿಶುದ್ಧರ ಹೆಸರೇ ಇತ್ತು; ಹಬ್ಬದಲ್ಲಿ ಅಲ್ಲಿ ಭಕ್ತರ ಎಲುಬು ಮೊದಲಾದ ಅವಶೇಷಗಳನ್ನು ತೋರಿಸುತ್ತಿದ್ದರು. 1517ರಲ್ಲಿ ಆ ಹಬ್ಬದ ಹಿಂದಿನ ದಿನವೇ ಲೂಥರನು ಕ್ಷಮಾಪತ್ರಗಳ ವಿಷಯವಾಗಿ ಮೈಂಜಿನ ಮಹಾಧ್ಯಕ್ಷನಿಗೆ ಪತ್ರ ಬರೆದು, 95 ವಾದಾಂಶಗಳನ್ನು ಕಳುಹಿಸಿದನು. ದೇವಾಲಯದ ಬಾಗಿಲಿಗೂ ಅವುಗಳನ್ನು ಹಚ್ಚಿದನೆಂದು ಹೇಳುವುದುಂಟು. 1521ರಲ್ಲಿ ವರ್ಮ್ಸ್ ಪಟ್ಟಣದ ಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತರೂ ತನ್ನ ಬರಹವನ್ನು ಹಿಂತೆಗೆಯಲಿಲ್ಲ. ಮರುವರುಷ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದನು.

ಇತರರಿಗೆ ಬೋಧಿಸಿದ್ದು ತನ್ನ ಮನೆಯಲ್ಲಿಯೇ ಪರೀಕ್ಷೆಗೆ ಬಂದಿತು. 1542ರ ಸೆಪ್ಟೆಂಬರಿನಲ್ಲಿ 13 ವರುಷದ ಮಗಳು ಮಗ್ದಲೇನಳು ತಂದೆಯ ತೋಳುಗಳಲ್ಲಿಯೇ ಪ್ರಾಣಬಿಟ್ಟಳು. ಆತನು ಬಹಳವಾಗಿ ಅತ್ತನು. ಆದರೂ ಅವಳು ದೇವರ ಕೈಯಲ್ಲಿದ್ದಾಳೆಂಬ ಭರವಸದಿಂದ ಅವಳನ್ನು ಒಪ್ಪಿಸಿಕೊಟ್ಟನು.

ಲೂಥರನು ನಿರ್ದೋಷಿಯಲ್ಲ. ಮುಪ್ಪಿನಲ್ಲಿ ಯೆಹೂದ್ಯರಿಗೆ ವಿರೋಧವಾಗಿ ಬರೆದ ಕ್ರೂರವಾದ ಮಾತುಗಳು ಖಂಡನೀಯವೇ ಸರಿ. ಪರಿಶುದ್ಧರೆಂದರೆ ತಪ್ಪಿಲ್ಲದವರಲ್ಲ, ಕ್ಷಮೆ ಹೊಂದಿದವರು ಎಂಬುದನ್ನು ನಾವು ಇದರಿಂದಲೂ ಕಲಿಯಬೇಕು. 1546ನೆಯ ಫೆಬ್ರವರಿ 18ರಲ್ಲಿ ಆತನು ಹುಟ್ಟಿದೂರಿನಲ್ಲಿಯೇ ತೀರಿಕೊಂಡನು. ದೇಹವನ್ನು ವಿಟೆನ್‌ಬರ್ಗಿಗೆ ತಂದು ಸಕಲ ಪರಿಶುದ್ಧರ ಆ ದೇವಾಲಯದಲ್ಲಿಯೇ ಹೂಣಿಟ್ಟರು.

ಆದಕಾರಣ, ಪ್ರಿಯರೇ, ಮುಖವಾಡಗಳನ್ನು ಕಂಡು ಬಂದ ಮಕ್ಕಳನ್ನು ನಾವು ಗದರಿಸದೆ, ಆ ಸಂಜೆ ಊರ ಸಮಾಧಿಗಳ ಬಳಿಗೆ ಕರೆದುಕೊಂಡು ಹೋಗೋಣ. ಅಲ್ಲಿ ಮಲಗಿರುವ ಅಜ್ಜ ಅಜ್ಜಿಯರ ಹೆಸರುಗಳನ್ನು ಹೇಳಿಕೊಡೋಣ. ಅವರಿಗಾಗಿ ಹೆದರಬೇಕಾದದ್ದಿಲ್ಲ, ದೇವರಿಗೆ ಸ್ತೋತ್ರ ಹೇಳುವುದೇ ಸಾಕು.