ಪಲ್ವಂಕರ್ ಬಾಲೂ

ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್ ಆಡುವ ಮಕ್ಕಳನ್ನು ನಾವು ಬೈಂದೂರಿನಲ್ಲಿಯೂ ಕಾಣುತ್ತೇವೆ, ಧಾರವಾಡದಲ್ಲಿಯೂ ಕಾಣುತ್ತೇವೆ. ಅಲ್ಲಿ ಚೆಂಡು ಎಲ್ಲರ ಕೈಗೂ ಬರುತ್ತದೆ. ಆದರೆ ನೂರು ವರ್ಷಗಳಿಗೂ ಹಿಂದೆ, ಒಬ್ಬನು ಮುಟ್ಟಿದ ಚೆಂಡನ್ನು ಇನ್ನೊಬ್ಬನು ಮುಟ್ಟಬಹುದೇ ಎಂಬುದೇ ನಮ್ಮ ದೇಶದಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಆ ಪ್ರಶ್ನೆಗೆ ತಮ್ಮ ಆಟದಿಂದಲೇ ಉತ್ತರವಿತ್ತವರು ಪಲ್ವಂಕರ್ ಬಾಲೂ.

ಬಾಲೂ ಜನಿಸಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಉಳ್ಳ, ಸಮಾಜವು ಅಸ್ಪೃಶ್ಯವೆಂದು ದೂರವಿರಿಸಿದ್ದ ಸಮುದಾಯ ಅವರದು. ತಂದೆಯು ಸೇನೆಯ ಕೆಲಸದಲ್ಲಿದ್ದುದರಿಂದ ಬಾಲೂ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಅಂಗಳ ಗುಡಿಸುವ ಕೆಲಸಕ್ಕೆ ಸೇರಿದರು. ತಿಂಗಳ ಸಂಬಳ 3 ರೂಪಾಯಿ. ಮುಂದೆ ಆಂಗ್ಲರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿಯ ಕೆಲಸ ದೊರೆಯಿತು. ನೆಲವನ್ನು ಸಮಮಾಡುವುದು, ಅಭ್ಯಾಸಕ್ಕೆ ಬಲೆ ಕಟ್ಟುವುದು ಅವರ ಪಾಲಿನ ದುಡಿಮೆ. ಕ್ರಮೇಣ ಅಭ್ಯಾಸಕ್ಕೆ ಬಂದ ಆಟಗಾರರಿಗೆ ಎಡಗೈಯಿಂದ ಚೆಂಡೆಸೆಯತೊಡಗಿದರು. ಗ್ರೆಗ್ ಎಂಬ ಪ್ರಸಿದ್ಧ ದಾಂಡಿಗನು ಗಂಟೆಗಟ್ಟಲೆ ಅವರ ಎಸೆತಗಳನ್ನೇ ಎದುರಿಸುತ್ತಿದ್ದನು. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಮಾತೂ ಪ್ರಚಲಿತವಾಗಿದೆ. ಆದರೆ ದಾಂಡು ಹಿಡಿಯುವ ಅವಕಾಶ ಮಾತ್ರ ಬಾಲೂ ಅವರಿಗೆ ಅಲ್ಲಿ ಲಭಿಸಲಿಲ್ಲ.

ಅವರ ಕೀರ್ತಿ ಹಬ್ಬಿದಂತೆ ಪುಣೆಯ ಹಿಂದೂ ತಂಡವು ಇಕ್ಕಟ್ಟಿಗೆ ಸಿಲುಕಿತು. ಬಾಲೂ ಬಂದರೆ ಗೆಲುವು. ಆದರೆ ಜಾತಿಯ ಕಟ್ಟಳೆ ಅಡ್ಡಿ. ಕೊನೆಗೆ ಅವರನ್ನು ಸೇರಿಸಿಕೊಂಡರು. ಅಂಗಳದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಬಿಡುವಿನ ವೇಳೆಯಲ್ಲಿ ಮಾತ್ರ ಬಾಲೂ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೂ ಬೇರೆ ತಟ್ಟೆ, ಬೇರೆ ಸ್ಥಳ.

ಪುಣೆಯಲ್ಲಿ ಪ್ಲೇಗು ಹರಡಿದಾಗ ಬಾಲೂ ಮುಂಬಯಿಗೆ ಬಂದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಆಂಗ್ಲರ ತಂಡವನ್ನು 109 ಓಟಗಳಿಂದ ಸೋಲಿಸಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಆ ಗೆಲುವು ದೇಶದಲ್ಲೆಲ್ಲ ಸುದ್ದಿಯಾಯಿತು. ಅದರಲ್ಲಿ ಬಾಲೂ ಅವರಿಗೂ ತಮ್ಮ ಶಿವರಾಮನಿಗೂ ಪಾಲಿತ್ತು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ತೆರಳಿತು. ತಂಡವು 23 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 6. ಆದರೂ ಬಾಲೂ ಒಬ್ಬರೇ 114 ವಿಕೆಟುಗಳನ್ನು ಗಳಿಸಿ ಆಂಗ್ಲ ಪ್ರೇಕ್ಷಕರನ್ನು ಬೆರಗುಗೊಳಿಸಿದರು. ಅವರು ತಾಯ್ನಾಡಿಗೆ ಮರಳಿದಾಗ ಮುಂಬಯಿಯ ದಲಿತ ಸಮುದಾಯವು ಅವರನ್ನು ಸತ್ಕರಿಸಿತು. ತರುಣ ಭೀಮರಾವ್ ಅಂಬೇಡ್ಕರರಿಗೂ ಬಾಲೂ ಅಭಿಮಾನದ ವ್ಯಕ್ತಿಯಾಗಿದ್ದರು.

ಇಷ್ಟಾದರೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. ಮೇಲು ಜಾತಿಯವರು ಅವರ ಕೈಕೆಳಗೆ ಆಡುವುದು ಹೇಗೆಂಬ ಅಳುಕು ಆಯ್ಕೆಗಾರರನ್ನು ಬಿಡಲಿಲ್ಲ. 1920ರಲ್ಲಿ ಅಣ್ಣನಿಗಾದ ಅನ್ಯಾಯವನ್ನು ಪ್ರತಿಭಟಿಸಿ ಶಿವರಾಮ ಮತ್ತು ವಿಠ್ಠಲರು ತಂಡದಿಂದ ಹೊರಗುಳಿದರು. ಜನಾಭಿಪ್ರಾಯವೂ ಅವರತ್ತ ವಾಲಿತು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾದರು. ನಾಯಕರು ಅಂಗಳ ಬಿಟ್ಟಿದ್ದ ವೇಳೆಯಲ್ಲಿ ತಂಡವನ್ನು ನಡೆಸಿದರು. 1923ರಲ್ಲಿ ಅಣ್ಣನಿಗೆ ಒಲಿಯದ ಪಟ್ಟವು ತಮ್ಮ ವಿಠ್ಠಲನಿಗೆ ಒಲಿಯಿತು. ಅವರ ನಾಯಕತ್ವದಲ್ಲಿ ಹಿಂದೂ ತಂಡವು ಆಂಗ್ಲರನ್ನು ಸೋಲಿಸಿ ಮುಂಬಯಿಯ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದುಕೊಂಡಿತು. ಹುಟ್ಟಿನಿಂದ ಯೋಗ್ಯತೆಯನ್ನು ಅಳೆಯುವುದು ಸಲ್ಲದೆಂಬುದಕ್ಕೆ ಆ ವರ್ಷದ ವಿಜಯವೇ ಸಾಕ್ಷಿಯಾಯಿತು.

ಆಟದಿಂದ ನಿವೃತ್ತರಾದ ಬಾಲೂ ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1932ರ ಪುಣೆ ಒಪ್ಪಂದದ ಸಂದರ್ಭದಲ್ಲಿ ಗಾಂಧೀಜಿಯವರ ಪ್ರಾಣವನ್ನು ಉಳಿಸಲು ಅಂಬೇಡ್ಕರರೊಡನೆ ಮಾತುಕತೆ ನಡೆಸಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರರನ್ನೇ ಎದುರಿಸಿ ಸೋತರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 179 ವಿಕೆಟುಗಳು ಅವರ ಹೆಸರಿನಲ್ಲಿವೆ. ದಾಖಲೆಯ ಪುಸ್ತಕ ಇಷ್ಟನ್ನೇ ಹೇಳುತ್ತದೆ. ಮಣ್ಣಿನ ಕುಡಿಕೆಯ ಚಹಾವನ್ನು ಕುಡಿದು, ಮರಳಿ ಅಂಗಳಕ್ಕಿಳಿದು, ತನ್ನನ್ನು ಹೊರಗಿಟ್ಟವರಿಗಾಗಿಯೇ ಗೆದ್ದುಕೊಟ್ಟ ಆ ಮನೋಬಲದ ಲೆಕ್ಕವು ಯಾವ ಪುಸ್ತಕದಲ್ಲಿಯೂ ಇಲ್ಲ.