ನ್ಯಾಯವನ್ನು ಮನೆಯೊಳಗೆ ತಂದ ಕುದ್ಮುಲ್ ರಂಗರಾಯರು

ನೀತಿಗ್ರಂಥಗಳನ್ನು ಓದುವುದು ಸುಲಭ. ಓದಿದುದನ್ನು ಹೊಸ್ತಿಲೊಳಗೆ ತಂದು ನಡೆಸುವುದು ಕಠಿನ. ಬಾವಿಯಿಂದ ನೀರು ಸೇದುವಾಗ, ಕೂಲಿಯನ್ನು ಅಳೆದುಕೊಡುವಾಗ, ಮಕ್ಕಳನ್ನು ಪಂಕ್ತಿಯಲ್ಲಿ ಕುಳ್ಳಿರಿಸುವಾಗ ನ್ಯಾಯದ ಪ್ರಶ್ನೆ ದಿನವೂ ನಮ್ಮೆದುರು ಬಂದು ನಿಲ್ಲುತ್ತದೆ. ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಮಹನೀಯರು ಕುದ್ಮುಲ್ ರಂಗರಾಯರು.

ಇವರು ನಮ್ಮಂತೆಯೇ ಗಡಿನಾಡಿನವರು. 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಬಡತನದ ಬಾಲ್ಯವನ್ನು ಕಳೆದು ಮಂಗಳೂರಿಗೆ ಬಂದು, ಮೊದಲು ಉಪಾಧ್ಯಾಯರಾಗಿ, ಅನಂತರ ವಕೀಲರಾಗಿ ಹೆಸರುಗಳಿಸಿದರು. ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಸೆಳೆದವು. ಅಕ್ಷರವರಿಯದವನಿಗೆ ತನ್ನ ಹಕ್ಕೇ ತಿಳಿಯದು. ಹಕ್ಕು ತಿಳಿಯದವನಿಗೆ ನ್ಯಾಯಾಲಯದ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಆದುದರಿಂದ ಅವರು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟವರ ಮಕ್ಕಳಿಗಾಗಿ 1892ರಲ್ಲಿ ಶಾಲೆಯನ್ನು ತೆರೆದರು. 1897ರಲ್ಲಿ ದಲಿತೋದ್ಧಾರಕ್ಕೆಂದೇ ಒಂದು ಮಿಷನ್ ಸಂಸ್ಥೆಯನ್ನು ಸ್ಥಾಪಿಸಿದರು.

ಶಾಲೆ ತೆರೆದರೆ ಸಾಕೆ? ಕಲಿಸಲು ಮೇಲ್ಜಾತಿಯವರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರ ನೆರವನ್ನು ಪಡೆಯಬೇಕಾಯಿತು. ಹಸಿದ ಹೊಟ್ಟೆಗೆ ವಿದ್ಯೆ ಹತ್ತದೆಂದರಿತು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ನಿಲ್ಲಲು ನೆಲೆಯಿಲ್ಲದ ಕುಟುಂಬಗಳಿಗೆ ನಿವೇಶನಗಳನ್ನು ದೊರಕಿಸಿದರು.

ಇದಕ್ಕಾಗಿ ಅವರು ತೆತ್ತ ಬೆಲೆ ಅಲ್ಪವಲ್ಲ. ಸ್ವಜಾತಿಯವರು ಬಹಿಷ್ಕರಿಸಿದರು, ಬಂಧುಗಳು ದೂರವಾದರು. ಆದರೂ ಅವರು ಅಳುಕಲಿಲ್ಲ. ಊರಿಗೆ ಹೇಳಿದ ನೀತಿಯನ್ನು ಮನೆಯಲ್ಲಿಯೂ ಪಾಲಿಸಿ, ಜಾತಿಯ ಕಟ್ಟನ್ನು ಮೀರಿ ಮಗಳು ರಾಧಾಬಾಯಿಯವರ ವಿವಾಹವನ್ನು ಮುಂದೆ ಮದರಾಸಿನ ಮುಖ್ಯಮಂತ್ರಿಗಳಾದ ಡಾ. ಪಿ. ಸುಬ್ಬರಾಯನ್ ಅವರೊಡನೆ ನೆರವೇರಿಸಿದರು. ಆ ಮಗಳು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಪ್ರತಿನಿಧಿಯಾದರು.

ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಕಾರಿನಲ್ಲಿ ಸಾಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ರಾಯರ ಜೀವನದ ಹಂಬಲವಾಗಿತ್ತು. ಕೊನೆಗಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1928ರ ಜನವರಿ 30ರಂದು ದೇಹವನ್ನು ಬಿಟ್ಟರು. ತಮ್ಮ ಶವವನ್ನು ದಲಿತ ಬಂಧುಗಳೇ ಹೊರಬೇಕೆಂಬುದು ಅವರ ಕೊನೆಯ ಇಚ್ಛೆ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸಂಸ್ಥೆಯನ್ನು ಸಂದರ್ಶಿಸಿ ಅವರ ಸೇವೆಯನ್ನು ಗೌರವದಿಂದ ಸ್ಮರಿಸಿದರು. ಮಂಗಳೂರಿನ ಪುರಭವನವು ಇಂದು ಅವರ ಹೆಸರನ್ನು ಹೊತ್ತಿದೆ.

ವಯನಾಡಿನ ನಮಗೆ ಈ ಚರಿತ್ರೆ ದೂರದ್ದಲ್ಲ. ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಪಣಿಯರೂ ಅಡಿಯರೂ ಸ್ವಲ್ಪ ಹಣವನ್ನು ಪಡೆದು ಒಂದು ವರ್ಷದ ಜೀತಕ್ಕೆ ಕಟ್ಟುಬೀಳುತ್ತಿದ್ದ ಕಾಲವನ್ನು ಕಂಡ ಹಿರಿಯರು ನಮ್ಮೊಡನಿದ್ದಾರೆ. 1976ರ ಕಾನೂನು ದೇಶದಲ್ಲೆಲ್ಲ ಜೀತವನ್ನು ನಿಷೇಧಿಸಿತು. ಆ ಜನರು ಬೆಳೆದ ಭತ್ತದ ಅನ್ನವನ್ನು ಉಂಡ ಮನೆಗಳಲ್ಲಿ ಕನ್ನಡದ ಮನೆಗಳೂ ಇದ್ದವೆಂಬುದನ್ನು ನಾವು ಮರೆಯಬಾರದು.

ನಮ್ಮ ಭಾಷೆಗೆ, ನಮ್ಮ ಮಕ್ಕಳ ವಿದ್ಯೆಗೆ ನ್ಯಾಯ ದೊರೆಯಬೇಕೆಂದು ನಾವು ಕೇಳುತ್ತೇವೆ, ಕೇಳುವುದು ಯುಕ್ತವೇ. ಆದರೆ ನಮಗಿಂತ ಚಿಕ್ಕ ಸಮುದಾಯದ ಮಗು ನಮ್ಮ ಅಂಗಳದಲ್ಲಿ ನಿಂತಾಗ ಅದನ್ನು ಒಳಗೆ ಕರೆಯುತ್ತೇವೆಯೆ? ನಮ್ಮ ಮಕ್ಕಳ ಪಕ್ಕದಲ್ಲಿ ಎಲೆ ಹಾಕುತ್ತೇವೆಯೆ? ಬೇಡುವ ನ್ಯಾಯವನ್ನು ಕೊಡಲೂ ಕಲಿತ ದಿನ ರಂಗರಾಯರ ಸ್ಮರಣೆ ಸಾರ್ಥಕವಾಗುವುದು.